ಒಂದು ಲಾರಿ ಆಟಕ್ಕೆ ಮೂರು ಊರಿನ ರ‍್ಯಾಮ್

ಈಗ ಕಂಪ್ಯೂಟರ್ ರಿಪೇರಿಗೆ ಇಳಿಯುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ನಗು ಬರುತ್ತದೆ. ಮೆಷಿನ್ನು ಕೆಟ್ಟರೆ ಬೋರ್ಡನ್ನೇ ಕಿತ್ತು ಬೇರೆ ಹಾಕಿ, ಕೈ ಕೊಡವಿ, ಕಾಫಿಗೆ ಹೋಗುತ್ತೀರಿ. ಅದು ರಿಪೇರಿಯಲ್ಲ ಕಣ್ರಯ್ಯಾ, ಅಂಗಿ ಬದಲಾಯಿಸುವುದು. ನಾನು ಕೆಲಸ ಮಾಡಿದ ಕಾಲದಲ್ಲಿ ಒಂದು ಬಿಡಿಭಾಗ ಬೇಕೆಂದರೆ ಮೈಸೂರಿನ ಕಚೇರಿಗೆ ಚೀಟಿ ಬರೆದು, ಅದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ವಾಪಸು ಬರುವಷ್ಟರಲ್ಲಿ ಗಿರಾಕಿಗೆ ಮೊಮ್ಮಗು ಹುಟ್ಟಿರುತ್ತಿತ್ತು. ಹಾಗಾಗಿ ನಾವು ತಲೆ ಉಪಯೋಗಿಸಬೇಕಾಗಿತ್ತು. ನನ್ನ ತಲೆ ಹೇಗಿತ್ತು ಅನ್ನುವುದನ್ನು ಮುಂದೆ ಓದಿ. ಹೊಗಳಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅದು ನಿಜವೇ.

ನನ್ನ ಬಡ್ತಿಯ ವಿಚಾರ ಕೇಳಬೇಡಿ. ಒಂದು ಸಿಕ್ಕಿತು, ಕೈಯಿಲ್ಲದ ಕುರ್ಚಿಗೆ ಕೈ ಬಂತು, ಅಷ್ಟೆ.

ತೊಂಬತ್ತರ ದಶಕದ ನಡುವಿನ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನನಗೆ ಗೊತ್ತಿದ್ದಂತೆ ನಾಲ್ಕೇ ಮ್ಯಾಕ್ ಕಂಪ್ಯೂಟರುಗಳಿದ್ದವು. ನಾಲ್ಕೂ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಮದುವೆ ಕಾರ್ಡು, ಬೀಗರ ಊಟದ ಕಾರ್ಡು, ಹಾಲಿನ ಡೈರಿಯ ಪಾಸ್ ಬುಕ್ಕು, ಶಾಲೆಯ ಅಂಕಪಟ್ಟಿ, ಇವೆಲ್ಲ ಅವುಗಳಿಂದ ಹುಟ್ಟುತ್ತಿದ್ದವು. ನಾಲ್ಕಕ್ಕೂ ವೈದ್ಯ ನಾನೊಬ್ಬನೇ. ಮೈಸೂರಿನ ಒಂದು ಕಂಪನಿಯ ಸರ್ವಿಸ್ ವಿಭಾಗದಲ್ಲಿದ್ದೆ. ಹೆಸರು ಸಿದ್ದರಾಜು. ಮೊಪೆಡ್ಡಿನ ಹಿಂದೆ ಸ್ಕ್ರೂಡ್ರೈವರ್ ಚೀಲ, ಮುಂದೆ ಊಟದ ಡಬ್ಬಿ. ನಾನು ಪ್ರೆಸ್ಸಿನ ಮುಂದೆ ಇಳಿದರೆ ಮಾಲೀಕರು ಎದ್ದು ನಿಲ್ಲುತ್ತಿದ್ದರು. ಗೌರವಕ್ಕಲ್ಲ, ಭಯಕ್ಕೆ. ನಾನು ರಿಪೇರಿ ಮಾಡಿ ಸುಮ್ಮನೆ ಹೋಗುವ ಆಸಾಮಿಯಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ನಾಗಮಂಗಲದ ಶಿವಣ್ಣನನ್ನೇ ಕೇಳಿ. ಆತನಿಗೆ ಬಾಯಿ ಜಾಸ್ತಿ. ಯಾರು ಒಳಗೆ ಬಂದರೂ ಮೊದಲು ಗದರುವುದು, ಆಮೇಲೆ ಮಾತಾಡಿಸುವುದು. ಮ್ಯಾಕಿನಲ್ಲಿ ಒಂದು ಸೌಕರ್ಯವಿತ್ತು: ತಪ್ಪು ಗುಂಡಿ ಒತ್ತಿದಾಗ ಅದು 'ಟುಂಯ್' ಎನ್ನುತ್ತದಲ್ಲ, ಆ ಸದ್ದಿನ ಬದಲು ಮೈಕಿನಲ್ಲಿ ನಮಗೆ ಬೇಕಾದ ಸದ್ದನ್ನು ತುಂಬಿಡಬಹುದಾಗಿತ್ತು. ಒಂದು ದಿನ ಶಿವಣ್ಣ ಯಾರಿಗೋ ಬೈಯುತ್ತಿದ್ದಾಗ ನಾನು ಮೈಕು ಮುಂದೆ ಹಿಡಿದೆ. ಮಾರನೆಯ ದಿನದಿಂದ ಆತ ಯಾವ ತಪ್ಪು ಗುಂಡಿ ಒತ್ತಿದರೂ ಮೆಷಿನ್ನು ಆತನ ದನಿಯಲ್ಲೇ "ಕಣ್ಣು ಕಾಣಾಕಿಲ್ವೇನ್ಲಾ ನಿಂಗೆ!" ಎಂದು ಗದರತೊಡಗಿತು. ಆತ ಮೂರು ದಿನ ತನ್ನ ಪ್ರೆಸ್ಸಿಗೆ ಗಾಳಿ ಹೊಕ್ಕಿದೆ ಎಂದು ನಂಬಿದ್ದ. ನಿಂಬೆಹಣ್ಣು ಕಟ್ಟಿಸಿದ. ನಾನು ಹೋಗಿ ಸದ್ದು ತೆಗೆದು, "ನೋಡಣ್ಣ, ನಿಂಬೆಹಣ್ಣು ಕೆಲಸ ಮಾಡ್ತು" ಎಂದು ಬಂದೆ. ಸತ್ಯ ಹೇಳಿದ್ದು ಆರು ತಿಂಗಳ ಮೇಲೆ. ಆ ತಪ್ಪಿಗೆ ನಾನು ದಂಡ ತೆತ್ತಿದ್ದೂ ಇದೆ, ಬರುತ್ತೇನೆ ಅಲ್ಲಿಗೆ.

ನನ್ನ ಮೇಲೆ ಒಬ್ಬ ಮ್ಯಾನೇಜರ್ ಇದ್ದರು. ಪುಸ್ತಕದ ಮನುಷ್ಯ. ಮೆಷಿನ್ನು ಮುಟ್ಟುವ ಮುಂಚೆ ಮಣಿಕಟ್ಟಿಗೆ ತಂತಿಯ ಪಟ್ಟಿ ಕಟ್ಟಿಕೊಂಡು, ಅದನ್ನು ಭೂಮಿಗೆ ಜೋಡಿಸಿ, ಮೈಯಲ್ಲಿರುವ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು ಎನ್ನುತ್ತಿದ್ದರು. ನಾನು ನಕ್ಕೆ. "ಸಾರ್, ನಾನೇನು ಟ್ರಾನ್ಸ್‌ಫಾರ್ಮರಾ?" ಎಂದೆ. ಒಂದು ಬೇಸಿಗೆಯಲ್ಲಿ ಒಂದು ರ‍್ಯಾಮ್ ಪಟ್ಟಿಯನ್ನು ನೈಲಾನ್ ಅಂಗಿಯ ಜೇಬಿನಲ್ಲಿಟ್ಟುಕೊಂಡು ಶ್ರೀರಂಗಪಟ್ಟಣದವರೆಗೆ ಹೋದೆ. ರ‍್ಯಾಮ್ ಅಂದರೆ ಮೆಷಿನ್ನು ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ. ಬಾಚಣಿಗೆಯ ಆಕಾರದ ಹಸಿರು ಪಟ್ಟಿ, ಅಂಚಿನಲ್ಲಿ ಹಲ್ಲುಗಳು. ಅಲ್ಲಿ ಹೋಗಿ ಹಾಕಿದರೆ ಪಟ್ಟಿ ಸತ್ತಿತ್ತು. ಜೇಬಿನಲ್ಲೇ ಪ್ರಾಣ ಬಿಟ್ಟಿತ್ತು. ಮ್ಯಾನೇಜರ್ ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಹತ್ತಿ ಅಂಗಿ ತಂದಿಟ್ಟರು. ಅಷ್ಟೇ ಅವರು ಮಾಡಿದ್ದು. ಅವತ್ತಿನಿಂದ ನಾನು ರ‍್ಯಾಮನ್ನು ಅದರ ಬೂದು ಕವರಿನಲ್ಲಿಟ್ಟು, ಕವರನ್ನು ನನ್ನ ಸ್ಟೀಲಿನ ಊಟದ ಡಬ್ಬಿಯೊಳಗಿಟ್ಟು ಸಾಗಿಸುತ್ತಿದ್ದೆ. ಕೆಳಗಿನ ಖಾನೆಯಲ್ಲಿ ಮುದ್ದೆ, ಮೇಲಿನ ಖಾನೆಯಲ್ಲಿ ಮೆಮೊರಿ. ಒಂದೂ ಮತ್ತೆ ಸಾಯಲಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ, ಬರೆದಿಟ್ಟುಕೊಳ್ಳಿ.

ಈಗ ಮುಖ್ಯ ಕತೆ.

ಪಾಂಡವಪುರದ ಪ್ರೆಸ್ಸು ನಡೆಸುತ್ತಿದ್ದವಳು ರತ್ನಮ್ಮ. ಆಕೆಯ ಗಂಡ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ, ಬಾಯಿ ಬಿಡದ ಮನುಷ್ಯ. ಅಂಗಡಿಯ ಕಟ್ಟಡ ಮಾವ ಬೋರೇಗೌಡರದು. ರತ್ನಮ್ಮ ಎರಡು ವರ್ಷ ಆ ಮ್ಯಾಕಿನ ಮುಂದೆ ಕೂತು ತಾಲ್ಲೂಕಿನ ಅರ್ಧ ಮದುವೆಗಳನ್ನು ಅಕ್ಷರಕ್ಕಿಳಿಸಿದ್ದಳು. ಕನ್ನಡ ಅಕ್ಷರ ಜೋಡಿಸುವುದರಲ್ಲಿ ಆಕೆಯನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಒತ್ತಕ್ಷರ ಒಂದು ಕೂದಲು ಆಚೆ ಈಚೆ ಹೋದರೂ ಆಕೆಗೆ ಊಟ ಸೇರುತ್ತಿರಲಿಲ್ಲ.

ಆಕೆಯ ಮೈದುನ ಮಾದೇವ ಮೈಸೂರಿನಲ್ಲಿ ವಿಂಡೋಸ್ ಕಂಪ್ಯೂಟರುಗಳನ್ನು ಜೋಡಿಸಿ ಮಾರುತ್ತಿದ್ದ. ಅವನಿಗೆ ಪಾಂಡವಪುರದಲ್ಲೂ ಒಂದು ಶೋರೂಮು ಬೇಕಿತ್ತು. ಅಣ್ಣನ ಹೆಂಡತಿಯ ಪ್ರೆಸ್ಸಿರುವ ಅಂಗಡಿಯ ಮೇಲೆ ಕಣ್ಣಿತ್ತು. ಮ್ಯಾಕನ್ನು ಹೊರಗೆ ಹಾಕು, ಅತ್ತಿಗೆ ಮನೆ ನೋಡಿಕೊಳ್ಳಲಿ, ಇದು ಅವನ ಲೆಕ್ಕಾಚಾರ. ಅತ್ತಿಗೆಗೆ ಬೇಕಾದರೆ ಒಂದು ಪಿ.ಸಿ. ಕೊಡುತ್ತೇನೆ ಅಂದ. ಆದರೆ ಮ್ಯಾಕಿನಲ್ಲಿ ಜೋಡಿಸಿದ ಕನ್ನಡ ಆ ಪಿ.ಸಿ.ಯಲ್ಲಿ ತೆರೆಯುತ್ತಿರಲಿಲ್ಲ. ತೆರೆದರೂ ಇರುವೆ ಸಾಲಿನಂಥ ಗೀಟುಗಳು. ಎರಡು ವರ್ಷದ ಕೆಲಸ, ಎಲ್ಲ ಸಂಘದ, ಶಾಲೆಯ, ದೇವಸ್ಥಾನದ ನಮೂನೆಗಳು, ಒಂದೇ ದಿನಕ್ಕೆ ಹೋಗುತ್ತಿದ್ದವು.

ಮಾದೇವ ಬುದ್ಧಿವಂತ. ಅಪ್ಪನ ಹತ್ತಿರ ಅಂಗಡಿ ಕೇಳಲಿಲ್ಲ. ಒಂದು ಪಿ.ಸಿ.ಯನ್ನು ಮನೆಗೇ ತಂದು, ಜಗಲಿಯ ಮೇಲಿಟ್ಟು, ಒಂದು ಆಟ ಹಾಕಿದ. ವಿದೇಶದ ಯಾವುದೋ ಬೆಟ್ಟ. ದಪ್ಪ ಮರದ ದಿಮ್ಮಿ ಹೇರಿಕೊಂಡ ಲಾರಿ. ತಿರುವುಗಳನ್ನು ದಾಟಿ, ಮರದ ಸೇತುವೆ ದಾಟಿ, ಹೊತ್ತು ಮೀರುವ ಮುಂಚೆ ಕೆಳಗಿನ ಮಿಲ್ಲಿಗೆ ಲೋಡು ಮುಟ್ಟಿಸಬೇಕು. ಬೋರೇಗೌಡರು ಎಪ್ಪತ್ತು ದಾಟಿದವರು. ಆಯುಷ್ಯವಿಡೀ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದವರು. ಪರದೆಯ ಮೇಲೆ ಲೋಡು ತುಂಬಿದ ಗಾಡಿ ಇಳಿಜಾರಿನಲ್ಲಿ ಬರುವುದನ್ನು ನೋಡಿ ಅವರ ಬಾಯಿಂದ ಎಲೆ ಅಡಿಕೆ ಜಾರಿತಂತೆ.

"ಅಪ್ಪಾ, ಅತ್ಗೆ ಪೆಟ್ಗೇಲಿ ಇದು ಓಡಾಕಿಲ್ಲ. ಅದು ಸತ್ತ ಮಾಲು" ಅಂದ ಮಾದೇವ.

ಒಳಗಿನಿಂದ ರತ್ನಮ್ಮ ಬಂದಳು. "ಯಾಕೋಡಾಕಿಲ್ಲ? ಓಡ್ತದೆ" ಅಂದುಬಿಟ್ಟಳು. ಸಿಟ್ಟಿಗೆ ಅಂದ ಮಾತು. ಆಕೆ ಅಲ್ಲಿವರೆಗೆ ಒಂದು ಆಟವನ್ನೂ ಮುಟ್ಟಿದವಳಲ್ಲ.

ಗೌಡರು ಇಬ್ಬರನ್ನೂ ನೋಡಿದರು. ಊರಿನಲ್ಲಿ ನೀರಿನ ಜಗಳ, ಬದುವಿನ ಜಗಳ ತೀರ್ಮಾನ ಮಾಡಿದ ಯಜಮಾನರು ಅವರು. ಕಾಗದ ಪತ್ರ ಅವರಿಗೆ ಬೇಡ. ಕಣ್ಣಿಗೆ ಕಾಣುವ ಒಂದು ಪರೀಕ್ಷೆ ಇಡುತ್ತಿದ್ದರು, ಅದರಲ್ಲಿ ಗೆದ್ದವರ ಮಾತು ಗೆದ್ದಂತೆ. "ಸರಿ ಕಣ್ರಪ್ಪ. ಬರೋ ಭಾನ್ವಾರ ಎರ್ಡೂ ಪೆಟ್ಗೆ ಪಕ್ಕಪಕ್ಕದಲ್ಲಿ ಇಡಿ. ಇದೇ ಲಾರಿ ಅವಳ್ದ್ರಲ್ಲೂ ಮಿಲ್ಲಿಗೆ ಓಗ್ಲಿ. ಓದ್ರೆ ಅಂಗ್ಡಿ ರತ್ನಂದು, ಇನ್ನ್ಯಾರೂ ಬಾಯಿ ಬುಡಂಗಿಲ್ಲ. ಓಗ್ದಿದ್ರೆ ಮಾದೇವಂದು" ಅಂದರು.

ನನಗೆ ಫೋನು ಬಂತು. "ಅಣ್ಣ, ಒಂದ್ ತಪ್ ಮಾಡ್ಬುಟ್ಟೆ" ಎಂದು ಶುರು ಮಾಡಿದಳು.

ನಾನು ಕೇಳಿ, ನಕ್ಕು, "ಅಷ್ಟೇನಾ? ಮಾಡ್ಕೊಡ್ತೀನಿ ಬುಡವ್ವ" ಎಂದೆ. ಮ್ಯಾನೇಜರರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಆಟ ಆಡಿಸೋದು ನಮ್ಮ ಸರ್ವಿಸ್ ಕರಾರಿನಲ್ಲಿ ಇಲ್ಲ ರೀ" ಅಂದರು. ನಾನು ಒಂದು ವಾರ ರಜೆ ಬರೆದೆ. ಕಾರಣದ ಜಾಗದಲ್ಲಿ 'ಕುಟುಂಬದ ಆಸ್ತಿ ವಿಚಾರ' ಎಂದು ಬರೆದೆ. ಯಾರ ಕುಟುಂಬ ಅಂತ ಅವರು ಕೇಳಲಿಲ್ಲ.

ಆ ಲಾರಿ ಆಟ ವಿಂಡೋಸಿಗೆ ಹುಟ್ಟಿದ್ದು. ಅದನ್ನು ಮ್ಯಾಕಿಗೆ ಒಗ್ಗಿಸಿದ ಸಿ.ಡಿ. ಕೂಡ ಬಂದಿದೆಯೆಂದು ವಿಚಾರಿಸಿ ತಿಳಿದು, ಬೆಂಗಳೂರಿನ ಒಂದು ಜಾಹೀರಾತು ಕಚೇರಿಯ ಗೆಳೆಯನಿಂದ ತರಿಸಿಕೊಂಡೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬೇಡಿಕೆಗಳ ಪಟ್ಟಿ ಇತ್ತು. ಅದನ್ನು ಓದಿದ ಮೇಲೆ ನನ್ನ ನಗು ಸ್ವಲ್ಪ ಕಡಿಮೆಯಾಯಿತು.

ಮೊದಲು, ಮ್ಯಾಕಿನದೇ ಹೊಸ ಬಗೆಯ, ಪವರ್ ಪಿಸಿ ಎಂಬ ಪ್ರೊಸೆಸರ್ ಬೇಕು. ಪುಣ್ಯಕ್ಕೆ ನಾಲ್ಕು ಮ್ಯಾಕಿನಲ್ಲಿ ರತ್ನಮ್ಮನದೊಂದರಲ್ಲೇ ಅದಿತ್ತು. ಸಾವಿರಾರು ಬಣ್ಣ ತೋರಿಸುವ ಪರದೆ ಬೇಕು, ಇತ್ತು. ಸಿ.ಡಿ. ಡ್ರೈವ್ ಬೇಕು, ಇತ್ತು. ರ‍್ಯಾಮ್ ಇಪ್ಪತ್ತನಾಲ್ಕು ಎಂ.ಬಿ. ಬೇಕು. ಆಕೆಯದರಲ್ಲಿ ಇದ್ದದ್ದು ಎಂಟು.

ಅದೇ ಆಟ ವಿಂಡೋಸಿನಲ್ಲಿ ಎಂಟರಲ್ಲೇ ಓಡುತ್ತಿತ್ತು. ನೀವು ಕೇಳಬಹುದು, ಅದೇ ಲಾರಿ, ಅದೇ ಬೆಟ್ಟ, ಮ್ಯಾಕಿನಲ್ಲಿ ಮೂರರಷ್ಟು ಯಾಕೆ ಅಂತ. ಒಗ್ಗಿಸಿದ ಆಟ ಅಂದರೆ ಮದುವೆ ಹೆಣ್ಣು ಗಂಡನ ಮನೆಗೆ ಬಂದ ಹಾಗೆ. ಒಬ್ಬಳೇ ಬರುವುದಿಲ್ಲ, ಜೊತೆಗೆ ಕಳಸಗಿತ್ತಿ ಬರುತ್ತಾಳೆ. ಆಟ ವಿಂಡೋಸಿನ ರೀತಿಯಲ್ಲಿ ಏನೋ ಕೇಳುತ್ತದೆ. ಅದನ್ನು ಮ್ಯಾಕಿಗೆ ತಿಳಿಯುವಂತೆ ಹೇಳಲು ನಡುವೆ ಇನ್ನೊಂದು ಪದರ ಕೂತಿರುತ್ತದೆ. ಆ ಕಳಸಗಿತ್ತಿಗೂ ಎಲೆ ಹಾಕಬೇಕು. ಅದಕ್ಕೇ ಜಾಗ ಜಾಸ್ತಿ, ಮತ್ತು ಪ್ರತಿ ಮಾತೂ ಇಬ್ಬರ ಬಾಯಿ ದಾಟಿ ಬರುವುದರಿಂದ ನಡೆ ನಿಧಾನ. ಈ ಕೊನೆಯ ಮಾತು ಮುಂದೆ ಬೇಕಾಗುತ್ತದೆ.

ಆಕೆಯ ಮೆಷಿನ್ನಿನಲ್ಲಿ ರ‍್ಯಾಮಿಗೆ ಎರಡು ಖಾಲಿ ಖಾನೆ ಇದ್ದವು. ಜೋಡಿಯಾಗಿಯೇ ತುಂಬಬೇಕು, ಒಂದೇ ಅಳತೆಯ ಎರಡು ಪಟ್ಟಿ. ಒಂದು ಕಡೆ ಹಳ್ಳಿಕಾರ್ ಎತ್ತು, ಇನ್ನೊಂದು ಕಡೆ ಕರು ಕಟ್ಟಿದರೆ ನೇಗಿಲು ಎಳೆಯುತ್ತದೆಯೇ? ಹಾಗೆ. ಎಂಟರ ಎರಡು ಪಟ್ಟಿ ಸಿಕ್ಕರೆ ಒಳಗಿನ ಎಂಟೂ ಸೇರಿ ಸರಿಯಾಗಿ ಇಪ್ಪತ್ತನಾಲ್ಕು. ಹೊಸದನ್ನು ಕೊಳ್ಳುವ ಮಾತು ಬೇಡ, ಆಗ ಒಂದು ಪಟ್ಟಿಯ ಬೆಲೆಗೆ ಒಂದು ಹಸು ಬರುತ್ತಿತ್ತು.

ಆಗ ನನಗೆ ಮುಯ್ಯಾಳು ನೆನಪಾಯಿತು. ನಮ್ಮ ಕಡೆ ನಾಟಿ ಸಮಯದಲ್ಲಿ ಕೂಲಿಯಿಲ್ಲದೆ ನಡೆಯುವ ಕೆಲಸ ಅದು: ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಆಳು ಹೋಗುತ್ತದಾದರೆ ರ‍್ಯಾಮು ಯಾಕೆ ಹೋಗಬಾರದು? ಉಳಿದ ಮೂರು ಪ್ರೆಸ್ಸಿನವರಿಗೂ ರತ್ನಮ್ಮ ಒಂದಲ್ಲ ಒಂದು ಸಲ ಮೆಷಿನ್ನು ಕೆಟ್ಟಾಗ ಕೂತು ಕೆಲಸ ಮಾಡಿಕೊಟ್ಟಿದ್ದಳು. ಅವರ ಮೆಷಿನ್ನಿನ ರ‍್ಯಾಮು ಎರಡು ದಿನ ಆಕೆಯ ಗದ್ದೆಗೆ ಬರಲಿ. ಈ ಯೋಚನೆ ಹೊಳೆದಾಗ ನಾನು ಮೊಪೆಡ್ಡಿನ ಮೇಲಿದ್ದೆ. ಒಬ್ಬನೇ ಜೋರಾಗಿ ಭೇಷ್ ಅಂದುಕೊಂಡೆ. ಪಕ್ಕದ ಗದ್ದೆಯಲ್ಲಿದ್ದವನು ತನಗೇ ಅಂದದ್ದು ಎಂದು ಕೈ ಬೀಸಿದ.

ಮೊದಲು ಶ್ರೀರಂಗಪಟ್ಟಣ. ಖಾದರ್ ಸಾಬರ ಪ್ರೆಸ್ಸು. ವಿಷಯ ಹೇಳಿದೆ.

"ಅರೆ ಭಾಯ್, ರತ್ನಮ್ಮಂಗಾ? ಉರುಸಿನ ಪೋಸ್ಟರು ಟೈಮಿಗೆ ಮಾಡ್ಕೊಟ್ಟವಳು ಅವಳು. ತಗೊಂಡೋಗು. ನನ್ ಮೆಷಿನ್ನು ಎರ್ಡು ದಿನ ವಸಿ ಕುಂಟ್ತದೆ, ಕುಂಟ್ಲಿ ಬುಡು. ಆದ್ರೆ ಆ ಮುದ್ದೆ ಡಬ್ಬಿಯೊಳ್ಗೆ ಇಡ್ಬೇಡ, ಖುದಾಕೆ ವಾಸ್ತೆ!" ಅಂದರು.

"ಸಾಬ್ರೆ, ಅದು ಮುದ್ದೆ ಡಬ್ಬಿ ಅಲ್ಲ, ವೈಜ್ಞಾನಿಕ ಪೆಟ್ಟಿಗೆ" ಎಂದು ಇಟ್ಟುಕೊಂಡು ಬಂದೆ. ಎಂಟರ ಒಂದು ಪಟ್ಟಿ ಕೈಗೆ ಬಂತು.

ಎರಡನೆಯದು ನಾಗಮಂಗಲದ ಶಿವಣ್ಣನದು ಅಂತ ಲೆಕ್ಕ ಹಾಕಿದ್ದೆ. ನನ್ನ ಪಾಕೆಟ್ ಪುಸ್ತಕದಲ್ಲಿ ಆತನ ಮೆಷಿನ್ನಿನ ಮುಂದೆ 'ಎಂಟು' ಎಂದು ಬರೆದಿತ್ತು. ಶುಕ್ರವಾರ ಹೋಗಿ ಕೇಳಿದೆ.

"ನನ್ ದನಿ ಕದ್ದೆ, ಈಗ ರ‍್ಯಾಮೂ ಬೇಕೇನ್ಲಾ?" ಎಂದ ಶಿವಣ್ಣ.

"ನಿನ್ಗಲ್ಲಣ್ಣ ಕೇಳ್ತಿರೋದು, ರತ್ನಮ್ಮಂಗೆ."

"ಅವ್ವಂಗಾದ್ರೆ ತಗೊ. ಬಿಚ್ಕೊ. ನಾನು ನೋಡಾಕಿಲ್ಲ ಆ ಕಡೆ" ಅಂದು ಬೀಡಿ ಹಚ್ಚಿಕೊಂಡು ಆಚೆ ಹೋದ. ಈಗ ಯೋಚಿಸಿದರೆ ಆತನ ಬೆನ್ನು ನಗುತ್ತಿತ್ತು ಅನ್ನಿಸುತ್ತದೆ. ನಾನು ಮುಚ್ಚಳ ತೆಗೆದು, ಕೈಹಾಕಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು, ನೋಡದೆ ಕವರಿಗೆ ಹಾಕಿಕೊಂಡೆ.

ಶನಿವಾರ ಬೆಳಗ್ಗೆ ಪಾಂಡವಪುರದಲ್ಲಿ ಡಬ್ಬಿ ಬಿಚ್ಚಿದೆ. ಖಾದರ್ ಸಾಬರ ಪಟ್ಟಿ ಖಾನೆಯಲ್ಲಿ ಟಕ್ ಎಂದು ಕೂತಿತು. ಶಿವಣ್ಣನವು ಅರ್ಧ ಉದ್ದದ ನಾಲ್ಕು ಚಿಕ್ಕ ಪಟ್ಟಿಗಳು. ಒಂದೊಂದು ಎರಡು ಎಂ.ಬಿ., ಕೂಡಿದರೆ ಎಂಟು, ನಿಜ. ಆದರೆ ಹಳೆಯ ಕಾಲದ ಮೂವತ್ತು ಹಲ್ಲಿನ ಜಾತಿ. ಆಕೆಯ ಖಾನೆಗೆ ಎಪ್ಪತ್ತೆರಡು ಹಲ್ಲು ಬೇಕು. ದನಿ ಕದ್ದ ತಪ್ಪಿಗೆ ಶಿವಣ್ಣ ವಿಧಿಸಿದ ದಂಡ ಇದೇ. ಆತನ ಮೆಷಿನ್ನನ್ನು ಮೂರು ವರ್ಷ ನಾನೇ ನೋಡಿಕೊಂಡಿದ್ದೆ! ಎಷ್ಟು ಅಂತ ಬರೆದಿದ್ದೆ, ಯಾವುದು ಅಂತ ಬರೆದಿರಲಿಲ್ಲ. ಹೊಸಬರಿಗೆ ಹೇಳುತ್ತೇನೆ, ಪುಸ್ತಕದಲ್ಲಿ ಎರಡನ್ನೂ ಬರೆಯಿರಿ. ನಿಮ್ಮ ಜಂಬ ನಿಮಗೆ ನೆನಪಿರುತ್ತದೆ, ಹಲ್ಲಿನ ಲೆಕ್ಕ ನೆನಪಿರುವುದಿಲ್ಲ.

ರತ್ನಮ್ಮ ಮೆಷಿನ್ನಿನ ಪಕ್ಕದಲ್ಲಿ ನಿಂತಿದ್ದಳು. "ಆಗಾಕಿಲ್ವಾ ಅಣ್ಣ?" ಎಂದಳು. ಆಕೆಯ ಕೈ ಕೀಬೋರ್ಡಿನ ಮೇಲಿತ್ತು, ಕರುವಿನ ತಲೆಯ ಮೇಲೆ ಇಟ್ಟ ಹಾಗೆ.

ನನ್ನ ಜೀವನದಲ್ಲಿ ನಾನು ಚೇಷ್ಟೆಯ ಮಾತಾಡದೆ ಎದ್ದುಹೋದ ಸಂದರ್ಭ ಅದೊಂದೇ. ಮೊಪೆಡ್ ಹತ್ತಿ ಕೆ.ಆರ್. ಪೇಟೆ ದಾರಿ ಹಿಡಿದೆ.

ಕೆ.ಆರ್. ಪೇಟೆಯ ಜವರೇಗೌಡ ಪ್ರೆಸ್ಸಿನವರಲ್ಲೆಲ್ಲ ಗಟ್ಟಿ ಮನುಷ್ಯ. ಆತನ ಬಳಿ ಉದ್ದದ ಜಾತಿಯ ಎಂಟರ ಪಟ್ಟಿ ಇತ್ತು, ಈ ಸಲ ಮುಚ್ಚಳ ತೆಗೆಸಿ ಹಲ್ಲು ಎಣಿಸಿಯೇ ಮಾತಿಗೆ ಕೂತೆ. ಆತ ಕೊಡಲು ಒಪ್ಪಲಿಲ್ಲ.

"ಸೋಮ್ವಾರ ಬೀಗ್ರೂಟದ ಕಾರ್ಡು ಕೊಡ್ಬೇಕು ಕಣಯ್ಯ. ಮಾಕವಳ್ಳಿ ಪಾರ್ಟಿ. ಇಂತಿಂತವರ ಹೆಸರು ಬಿಟ್ರೆ ಬೀಗ್ರು ಅಲ್ಲೇ ಎಲೆ ಬುಟ್ಟು ಎದ್ದೋಯ್ತಾರೆ. ಕಾರ್ಡು ತುಂಬ ಹೆಸ್ರು. ರ‍್ಯಾಮ್ ಕಿತ್ಕೊಂಡೋದ್ರೆ ಮೆಷಿನ್ನು ಅರ್ಧ ಕಾರ್ಡಿಗೇ ನಿತ್ಕೋತದೆ" ಅಂದ.

"ಆ ಕಾರ್ಡನ್ನ ರತ್ನಮ್ಮ ಮಾಡ್ಕೊಡ್ತಾಳೆ."

"ಯಾವಾಗ? ಅವಳ ಅಂಗ್ಡಿನೇ ನಾಳೆ ಇರ್ತದೋ ಇಲ್ವೋ!"

"ಈಗ್ಲೇ" ಎಂದು ಆತನ ಫೋನಿನಿಂದಲೇ ಆಕೆಗೆ ಮಾತಾಡಿಸಿದೆ. ಆತ ಹೆಸರುಗಳನ್ನು ಓದುತ್ತಾ ಹೋದ, ಆಕೆ ಆ ಕಡೆಯಿಂದ ಜೋಡಿಸುತ್ತಾ ಹೋದಳು. ನಲವತ್ತೆರಡು ಹೆಸರು. ಮುಗಿದ ಮೇಲೆ ಆಕೆ ಎಲ್ಲವನ್ನೂ ತಿರುಗಿ ಓದಿ ಹೇಳಿ, "ಗೌಡ್ರೆ, ಹುಡುಗಿ ಸೋದರಮಾವನ ಹೆಸ್ರೇ ಇಲ್ವಲ್ಲ, ಬುಟ್ಟೋಗೈತೆ" ಎಂದಳಂತೆ. ಜವರೇಗೌಡ ಫೋನು ಕೈಯಲ್ಲಿ ಹಿಡಿದೇ ನನ್ನ ಮುಖ ನೋಡಿದ. ಸೋದರಮಾವನನ್ನು ಬಿಟ್ಟ ಕಾರ್ಡು ಹಂಚಿದ್ದರೆ ಆ ಬೀಗರ ಊಟ ಏನಾಗುತ್ತಿತ್ತು ಅನ್ನುವುದು ನಮ್ಮ ಕಡೆಯವರಿಗೆ ಗೊತ್ತು.

"ಬಿಚ್ಕೊಂಡೋಗಯ್ಯ ನಿನ್ ರ‍್ಯಾಮ" ಎಂದ.

ಮಧ್ಯಾಹ್ನ ಎರಡಕ್ಕೆ ಪಾಂಡವಪುರದಲ್ಲಿದ್ದೆ. ಎರಡು ಊರಿನ ಎರಡು ಪಟ್ಟಿ ಅಕ್ಕಪಕ್ಕ ಕೂತವು. ಮೆಷಿನ್ನು ಎದ್ದು ಇಪ್ಪತ್ತನಾಲ್ಕು ತೋರಿಸಿತು. ನಾನು ಮೇಜು ಕುಟ್ಟಿದೆ. ಸಿ.ಡಿ. ಹಾಕಿ, ಆಟದ ಮೇಲೆ ಒತ್ತಿದೆ. ಒಂದು ಚೌಕ ಬಂತು: ಮೆಮೊರಿ ಸಾಲದು.

ಇನ್ನೊಮ್ಮೆ ಒತ್ತಿದೆ. ಸಾಲದು. ಬೈದು ಒತ್ತಿದೆ. ಆಗಲೂ ಸಾಲದು.

ನಾನು ಸಿ.ಡಿ. ಡಬ್ಬಿಯ ಹಿಂದಿನ ಬೇಡಿಕೆಗಳ ಪಟ್ಟಿಯನ್ನು ಮತ್ತೆ ಓದುತ್ತಾ ಕೂತೆ. ರತ್ನಮ್ಮ ಪರದೆಯನ್ನೇ ನೋಡುತ್ತಿದ್ದಳು. ಮೆಷಿನ್ನು ಏಳುವಾಗ ಕೆಳಗೆ ಸಾಲಾಗಿ ಒಂದೊಂದೇ ಸಣ್ಣ ಚಿತ್ರ ಮೂಡುತ್ತದಲ್ಲ, ಮೆಷಿನ್ನಿನ ಜೊತೆಗೇ ಎದ್ದು ಕೂರುವ ಸಹಾಯಕ ತಂತ್ರಾಂಶಗಳು, ಅವನ್ನು ಆಕೆ ದಿನಾ ನೋಡಿದವಳು. "ಅಣ್ಣ, ಇವೆಲ್ಲ ಜಾಗ ತಿನ್ನಾಕಿಲ್ವಾ?" ಎಂದಳು. "ಪ್ರಿಂಟರಿಂದು, ಸ್ಕ್ಯಾನರಿಂದು, ನಮ್ ಕನ್ನಡದ್ದು. ನಮ್ ಕನ್ನಡದ್ದೇ ದೊಡ್ಡದು."

ತಿನ್ನುತ್ತವೆ. ನನಗೆ ಹೊಳೆಯಬೇಕಾಗಿತ್ತು, ಆಕೆಗೆ ಹೊಳೆಯಿತು. ಬೇರೆ ಯಾರ ಮುಂದೂ ಈ ಮಾತು ಒಪ್ಪಿಕೊಂಡಿಲ್ಲ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಮೆಷಿನ್ನು ಏಳುವಾಗ ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದರೆ ಸಹಾಯಕರು ಯಾರೂ ಏಳುವುದಿಲ್ಲ. ಎಲ್ಲ ಜಾಗವೂ ಆಟಕ್ಕೆ. "ಒತ್ತವ್ವ" ಎಂದೆ. ಆಕೆ ಬೆರಳಿಟ್ಟು ತಡೆದಳು. ಎರಡು ವರ್ಷದಲ್ಲಿ ಆ ಮೆಷಿನ್ನು ಒಂದು ದಿನವೂ ಕನ್ನಡವಿಲ್ಲದೆ ಎದ್ದಿರಲಿಲ್ಲ.

"ಮತ್ತೆ ಬತ್ತದೆ ತಾನೆ?"

"ನಾಳೆ ಮಧ್ಯಾಹ್ನಕ್ಕೆ ಬತ್ತದೆ. ನಾನು ಗ್ಯಾರಂಟಿ."

"ನೆನ್ನೆ ಶಿವಣ್ಣನ ರ‍್ಯಾಮಿಗೂ ನೀನೇ ಅಲ್ವಾ ಗ್ಯಾರಂಟಿ" ಎಂದು, ಒತ್ತಿ ಹಿಡಿದಳು. ನನ್ನನ್ನು ಗೇಲಿ ಮಾಡಿ ದಕ್ಕಿಸಿಕೊಂಡವರು ಜಿಲ್ಲೆಯಲ್ಲಿ ಇಬ್ಬರೋ ಮೂವರೋ, ಆಕೆ ಒಬ್ಬಳು.

ಬೆಟ್ಟ ಬಂತು. ಲಾರಿ ಬಂತು. ಹೊರಟಿತು. ಆದರೆ ಅಯ್ಯೋ ಎಷ್ಟು ನಿಧಾನ! ಕಳಸಗಿತ್ತಿಯನ್ನು ಕಟ್ಟಿಕೊಂಡ ಲಾರಿ ಮೂಡಲಪಾಯ ಬಯಲಾಟದ ವೇಷಧಾರಿಯಂತೆ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿತ್ತು. ಮೇಲಿನ ಮೂಲೆಯ ಗಡಿಯಾರವೂ ಅದರ ಜೊತೆಗೇ ತೂಕಡಿಸುತ್ತಿತ್ತು. ಬಣ್ಣ ಕಡಿಮೆ ಮಾಡಿದೆ, ಆಟದ ಚೌಕ ಚಿಕ್ಕದು ಮಾಡಿದೆ, ಸದ್ದು ನಿಲ್ಲಿಸಿದೆ. ಅಷ್ಟಿಷ್ಟು ಚುರುಕಾಯಿತು. ಮಾದೇವನ ಪಿ.ಸಿ.ಯ ಮುಂದೆ ಇದು ಏನೂ ಅಲ್ಲ. ನಾನು ಧೈರ್ಯ ಹೇಳಿ ಹೊರಟೆ. ಧೈರ್ಯ ಹೇಳುವುದು ನನ್ನ ವೃತ್ತಿಯ ಭಾಗವೇ ಆಗಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಅಂಗಡಿಯಲ್ಲಿ ಜನ ಸೇರಿದ್ದರು. ಮೇಜಿನ ಮೇಲೆ ಎರಡು ಪೆಟ್ಟಿಗೆ. ಬೋರೇಗೌಡರು ಮಧ್ಯದ ಕುರ್ಚಿಯಲ್ಲಿ, ಹೆಗಲ ಮೇಲೆ ವಲ್ಲಿ. ರತ್ನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಗಂಡ ಆಕೆಯ ಪಕ್ಕದಲ್ಲಿ, ಎಂದಿನಂತೆ ಬಾಯಿ ಬಿಡದೆ, ಆದರೆ ಅವತ್ತು ಆಕೆಯ ಪಕ್ಕದಲ್ಲಿ.

ನಾನು ಮ್ಯಾಕಿನಲ್ಲಿ ಆಟ ಎಬ್ಬಿಸಿದೆ. ಲಾರಿ ತೆವಳಿತು. ಮಾದೇವ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದೇನ್ ಸಿದ್ದರಾಜಣ್ಣ, ಲಾರಿಗೆ ವಾತವಾ? ನಂದ್ರಲ್ಲಿ ಎಂಟು ಎಂ.ಬಿ.ಲಿ ಹಾರ್ತದೆ, ಅತ್ಗೆದು ಇಪ್ಪತ್ನಾಲ್ಕು ನುಂಗಿ ಇಂಗೆ ಮಲಗ್ತದಲ್ಲ! ಮೂರೂರಿನ ರ‍್ಯಾಮು ಬೇರೆ!"

"ಮಾದೇವ, ಓಡ್ತದೋ ಇಲ್ವೋ?" ಎಂದೆ.

"ಇದು ಓಡೋದಾ? ಅಪ್ಪಾ, ನೀನೇ ಯೋಳು."

ಗೌಡರು ಕೈ ಎತ್ತಿದರು. "ನೋಡಿ ಯೋಳೋದಲ್ಲ. ಮಿಲ್ಲಿಗೆ ಓಗ್ಬೇಕು ಅಂದಿದ್ದೆ. ನಾನೇ ಓಡಿಸ್ತೀನಿ, ಎರ್ಡ್ರಲ್ಲೂವೆ" ಅಂದರು. ಮಾದೇವ ಹಿಗ್ಗಿದ.

ಮೊದಲು ಮಗನ ಪಿ.ಸಿ. ಲಾರಿ ಸರ್ ಎಂದು ನುಗ್ಗಿತು. ಮೌಸಿನ ಒಂದು ಗುಂಡಿ ವೇಗಕ್ಕೆ, ಇನ್ನೊಂದು ಬ್ರೇಕಿಗೆ. ಗೌಡರು ಯಾವ ಗುಂಡಿ ಯಾವುದು ಅಂತ ನೋಡುವಷ್ಟರಲ್ಲಿ ಲಾರಿ ಮೊದಲ ತಿರುವಿನಲ್ಲೇ ಪ್ರಪಾತಕ್ಕೆ. ಎರಡನೆಯ ಸಲ ಸೇತುವೆ ಮುರಿಯಿತು. ಮೂರನೆಯ ಸಲ ಲಾರಿ ಹೊರಟ ಜಾಗದಲ್ಲೇ ಕಲ್ಲಿಗೆ ಗುದ್ದಿ ದಿಮ್ಮಿಗಳೆಲ್ಲ ಉರುಳಿದವು.

"ಥೂ, ಇವ್ನವ್ವನ್! ಲೋಡ್ ಗಾಡೀನ ಇಂಗೆ ಓಡಿಸ್ತಾರೇನ್ಲಾ? ಇಳುಕಲಲ್ಲಿ?" ಎಂದು ಮಗನನ್ನು ಗದರಿದರು.

ಆಮೇಲೆ ಸೊಸೆಯ ಮ್ಯಾಕು. ಅದರ ಮೌಸಿಗೆ ಒಂದೇ ಗುಂಡಿ. ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಲಾರಿ ನಿಧಾನವಾಗಿ ಹೊರಟಿತು. ಗೌಡರು ಬೆನ್ನು ನೆಟ್ಟಗೆ ಮಾಡಿದರು. ತಿರುವು ಬಂತು. ಬರುವುದು ಮುಂಚೆಯೇ ಕಾಣುತ್ತಿತ್ತು. ಗುಂಡಿ ಬಿಟ್ಟರು, ಬಳಸಿದರು, ಒತ್ತಿದರು.

"ಅಂಗೆ... ವಸಿ ತಡಿ... ಈಗ ನಡಿ..." ಎಂದು ಲಾರಿಯ ಜೊತೆ ಮಾತಾಡತೊಡಗಿದರು. ಬಾಯಿಂದ ಎತ್ತಿಗೆ ಮಾಡುವ ಲೊಟಕಾರ ಬಂತು. ಸೇತುವೆ ಬಂತು. ಮಧ್ಯದಲ್ಲಿ ಲಾರಿ ವಾಲಿತು. ಗೌಡರು ಗುಂಡಿ ಬಿಟ್ಟು ಸುಮ್ಮನೆ ಕೂತರು. ದಿಮ್ಮಿಗಳ ತೂಗಾಟ ನಿಲ್ಲುವವರೆಗೆ ಕಾದರು. ಅದು ಕಬ್ಬಿನ ಗಾಡಿಯವರ ಪಾಠ, ಯಾವ ಡಬ್ಬಿಯ ಹಿಂದೆಯೂ ಬರೆದಿರುವುದಿಲ್ಲ. ಆಮೇಲೆ ಮೆಲ್ಲಗೆ ದಾಟಿಸಿದರು.

ಮಿಲ್ಲಿನ ಗೇಟು ತೆರೆಯಿತು. ಪರದೆಯ ಮೇಲೆ ಬಾವುಟ ಹಾರಿತು.

"ಓಯ್ತು!" ಎಂದು ಮೊದಲು ಕಿರುಚಿದವನು ರತ್ನಮ್ಮನ ಗಂಡ. ಅವನಿಗೆ ದನಿ ಇದೆ ಎಂದು ಅವತ್ತೇ ಪಾಂಡವಪುರಕ್ಕೆ ಗೊತ್ತಾದದ್ದು.

"ಅಪ್ಪಾ, ಅದು ನಿಧಾನಕ್ಕೆ ಓಡ್ತು. ಪೆಟ್ಗೆ ಕೈಲಾಗ್ದೆ ನಿಧಾನ!" ಎಂದ ಮಾದೇವ.

"ನಿಂದ್ರಲ್ಲಿ ನನ್ ಲೋಡು ಮೂರು ಸಲ ಹಳ್ಳ ಸೇರ್ತು. ಅವಳ್ದ್ರಲ್ಲಿ ಒಂದೇ ಸಲಕ್ಕೆ ಮಿಲ್ ಸೇರ್ತು. ನಾನೇನ್ಲಾ ಕೇಳಿದ್ದು? ಬೇಗ ಓಗು ಅಂದಿದ್ನಾ, ಮಿಲ್ಲಿಗೆ ಓಗು ಅಂದಿದ್ನಾ?"

ಮಾದೇವ ತನ್ನ ಪಿ.ಸಿ.ಯ ತಂತಿ ಕಿತ್ತ.

"ಅಂಗ್ಡಿ ರತ್ನಂದು. ಮುಗೀತು" ಎಂದು ಗೌಡರು ವಲ್ಲಿ ಕೊಡವಿ ಎದ್ದರು.

ನಾನು ಮಾದೇವನ ಹೆಗಲ ಮೇಲೆ ಕೈಹಾಕಿ, "ನಿಮ್ಮಪ್ಪಂಗೆ ಎಷ್ಟು ವೇಗ ಬೇಕೋ ಅಷ್ಟಕ್ಕೇ ನಾನು ಸೆಟ್ ಮಾಡಿದ್ದೆ ಕಣ್ಲಾ. ಅದನ್ನ ಸರ್ವಿಸ್ ಅಂತಾರೆ" ಎಂದೆ. ಅವನು ಇವತ್ತಿಗೂ ಅದನ್ನು ನಂಬಿದ್ದಾನೆ. ನಂಬಲಿ ಬಿಡಿ. ಮುಂದೆ ಅವನು ಬಜಾರಿನಲ್ಲಿ ಬೇರೆ ಅಂಗಡಿ ಹಿಡಿದಾಗ ಅದರ ಬಿಲ್ ಬುಕ್ಕನ್ನು ಅತ್ತಿಗೆಯ ಹತ್ತಿರವೇ ಮಾಡಿಸಿದ.

ಅಷ್ಟರಲ್ಲಿ ರತ್ನಮ್ಮ ಮ್ಯಾಕನ್ನು ಆರಿಸಿ ಮತ್ತೆ ಎಬ್ಬಿಸಿದ್ದಳು. ಈ ಸಲ ಶಿಫ್ಟ್ ಒತ್ತಲಿಲ್ಲ. ಕೆಳಗೆ ಸಣ್ಣ ಚಿತ್ರಗಳು ಒಂದೊಂದಾಗಿ ಎದ್ದು ಕೂತವು. ಕನ್ನಡದ್ದು ಬಂದಾಗ ಆಕೆ ಒಂದು ಸಲ ಕಣ್ಣೊರೆಸಿಕೊಂಡು, ಕುರ್ಚಿ ಎಳೆದುಕೊಂಡಳು.

"ಮೊದ್ಲು ಏನ್ ಮಾಡ್ಲಿ ಮಾವ?"

"ಅಂಗ್ಡಿ ಬಾಗಿಲಿಗೆ ಒಂದು ಕಾಗ್ದ ಮಾಡು. ಮಾಲೀಕರು ಅಂತ ಬರ್ದು ನಿನ್ನೆಸ್ರು ಆಕು."

ಆಕೆ ಹೆಸರು ಜೋಡಿಸಿದಳು. ಗೌಡರು ಕಣ್ಣು ಕಿರಿದು ಮಾಡಿ ನೋಡಿದರು. "ವಸಿ ದಪ್ಪ ಮಾಡವ್ವ." ಮಾಡಿದಳು. "ಇನ್ನೂ ದಪ್ಪ. ಬಸ್‌ಸ್ಟ್ಯಾಂಡಿಂದ ಕಾಣ್ಬೇಕು." ಕೊನೆಗೆ ಕಾಗದದ ಅಂಚಿನಿಂದ ಅಂಚಿನವರೆಗೆ 'ರತ್ನಮ್ಮ' ನಿಂತಳು. ಒತ್ತಕ್ಷರ ಒಂದು ಕೂದಲಷ್ಟೂ ಆಚೆ ಈಚೆ ಇಲ್ಲ.

ನಾನು ಸುಮ್ಮನಿರುತ್ತೇನೆಯೇ? "ಕೆಳಗೆ ನನ್ನೆಸ್ರೂ ಇರ್ಲವ್ವ, ತಾಂತ್ರಿಕ ಸಲಹೆ ಅಂತ" ಎಂದೆ. ಆಕೆ ತುಟಿ ಕಚ್ಚಿಕೊಂಡು ಏನೋ ಒತ್ತಿದಳು, ಕಾಗದ ಹೊರಗೆ ಬಂತು. ಆ ಮೆಷಿನ್ನು ಮಾಡಬಲ್ಲ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಮೂಲೆಯಲ್ಲಿತ್ತು. ಮುಂದೆ ಅವರು ಅದೇ ನಮೂನೆಯಲ್ಲಿ ತಗಡಿನ ಬೋರ್ಡು ಬರೆಸಿದರು. ಬರೆಯುವವನು ಮೂಲೆಯದನ್ನೂ ಬಿಡದೆ ಬರೆದಿದ್ದಾನೆ. ಪಾಂಡವಪುರಕ್ಕೆ ಹೋದರೆ ನೋಡಿ. ಬಲಗಡೆ ಕೆಳಗೆ ನೊಣ ಕೂತಂತೆ ಏನೋ ಕಾಣುತ್ತದೆ, ಓಡಿಸಲು ಹೋಗಬೇಡಿ. ಅದು ನಾನು.